ಒರಗಿ ನಿಂತ ರಾಡಾರ್

ಕೈ ಜಾರಿದ ವಸ್ತು ಎಷ್ಟು ಸಣ್ಣದೋ ಅಷ್ಟು ದೂರ ಹೋಗಿ ಬೀಳುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ತೆಂಗಿನಕಾಯಿ ಬಿದ್ದರೆ ಕಾಲ ಬುಡದಲ್ಲೇ ಸಿಗುತ್ತದೆ. ಮೂಗುತಿಯ ತಿರುಪು ಬಿದ್ದರೆ ಮನೆಮಂದಿಯೆಲ್ಲ ನೆಲಕ್ಕೆ ಕೆನ್ನೆಯಿಟ್ಟು ಹುಡುಕಬೇಕು. ಈಚೆಗೆ ನಾನು ಹಾಗೆ ಹುಡುಕಿದ್ದು ಒಂದು ಯುದ್ಧನೌಕೆಯ ರಾಡಾರನ್ನು.

ದೇಶದ ಭದ್ರತೆಗೆ ಧಕ್ಕೆಯೇನೂ ಆಗಿಲ್ಲ. ಪತ್ರಿಕೆಯ ಕೆಲಸದಿಂದ ನಿವೃತ್ತನಾಗಿ ಶಿಡ್ಲಘಟ್ಟಕ್ಕೆ ಮರಳಿದ ಮೇಲೆ ಹಡಗುಗಳ ಪುಟ್ಟ ಮಾದರಿ ಜೋಡಿಸುವ ಚಟ ಹತ್ತಿಸಿಕೊಂಡಿದ್ದೇನೆ. ಸಮುದ್ರವಿರಲಿ, ತುಂಬಿ ಹರಿಯುವ ಹೊಳೆಯೂ ಇಲ್ಲದ ಊರಿನಲ್ಲಿ ನೌಕಾಬಲ ಕಟ್ಟುತ್ತಿರುವವನು ಬಹುಶಃ ನಾನೊಬ್ಬನೇ. ಹಡಗಿನ ಒಡಲು ಪ್ಲಾಸ್ಟಿಕ್ಕಿನದು. ರಾಡಾರಿನಂಥ ನವಿರು ಭಾಗಗಳು ಮಾತ್ರ ಕಾಗದದಷ್ಟು ತೆಳುವಾದ ಹಿತ್ತಾಳೆಯ ಹಾಳೆಯಲ್ಲಿ ಬರುತ್ತವೆ. ಬೇಕಾದ ಆಕಾರವನ್ನು ಬೆಳಕಿನಿಂದ ಅಚ್ಚೊತ್ತಿ, ಬೇಡದ ಲೋಹವನ್ನು ದ್ರಾವಣಕ್ಕೆ ತಿನ್ನಿಸಿ, ಉಳಿದದ್ದನ್ನು ನಮಗೆ ಮಾರುತ್ತಾರೆ. ಬೇಡದ್ದನ್ನು ತೆಗೆದು ಉಳಿದದ್ದನ್ನು ಮಾರುವ ವಿದ್ಯೆ ಸುದ್ದಿಮನೆಯವನಿಗೆ ಅಪರಿಚಿತವೇನಲ್ಲ.

ಉಗುರಗಲದ ಆ ರಾಡಾರ್ ಜಾಲರಿ ಕೊನೆಗೂ ಸಿಕ್ಕಿದ್ದು ಹೆಂಡತಿ ಸರೋಜಳಿಗೆ. "ಇದ್ಯಾವ ಸೀರೆ ಜರೀನ್ರೀ? ನಂದಂತೂ ಅಲ್ಲ," ಎಂದು ನನ್ನ ಮುಖವನ್ನೇ ನೋಡುತ್ತ ಕೊಟ್ಟಳು.

ಹಡಗು ಅನ್ವರ್ ಭಾಯಿಗಾಗಿ. ಪಕ್ಕದ ಬೀದಿಯಲ್ಲಿ ರೇಷ್ಮೆ ನೂಲು ತೆಗೆಸುವ ಇವರು ಯೌವನದಲ್ಲಿ ನೌಕಾಪಡೆಯಲ್ಲಿದ್ದು, ಹಡಗಿನ ಒಳಗೆ ಕತ್ತಲ ಕೋಣೆಯಲ್ಲಿ ಕೂತು, ಬೆಳಕಿನ ಗೆರೆ ಸುತ್ತುವ ರಾಡಾರಿನ ದುಂಡು ಪರದೆ ಕಾಯುತ್ತಿದ್ದವರು. ಆ ಹಡಗನ್ನು ಒಡೆದು ಗುಜರಿಗೆ ಹಾಕಿ ಬಹಳ ಕಾಲವಾಗಿದೆ. ಅದರ ಒಂದು ಫೋಟೋ ಕೂಡ ಅವರಲ್ಲಿ ಉಳಿದಿಲ್ಲ. ಹಾಗಾಗಿ ನನ್ನ ಮೇಜಿನ ಮೇಲಿನ ಗೇಣುದ್ದದ ಪ್ರತಿಕೃತಿಯೇ ಅವರ ಪಾಲಿನ ಹಡಗು. ಆಗಾಗ ಬಂದು, ಕೈ ಹಿಂದೆ ಕಟ್ಟಿಕೊಂಡು, ಮುಟ್ಟದೆ ನೋಡಿ ಹೋಗುತ್ತಿದ್ದರು.

ಮುಗಿದ ದಿನ ಕರೆಸಿದೆ. ಮೂತಿಯಿಂದ ಬಾಲದವರೆಗೆ ನೋಡಿದರು. ರಾಡಾರಿನ ಕಂಬದ ಬಳಿ ಕಣ್ಣು ನಿಂತಿತು.

"ಇದೇನ್ ಸಾರ್, ಹುಳ ಬಿಟ್ಟಂಗೆ ಒರಗಿಸ್ಬಿಟ್ಟಿದೀರ?"

ನಮ್ಮ ಕಡೆ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ಹೆಣಿಗೆಯ ತಟ್ಟಿಯ ಮೇಲೆ ಬಿಟ್ಟು, ಅದನ್ನು ಗೋಡೆಗೆ ಒರಗಿಸುತ್ತಾರೆ. ಬಾಲ್ಯದಿಂದ ಅದನ್ನೇ ಕಂಡ ನನ್ನ ಕೈಗಳು, ಜಾಲರಿಯಂಥದ್ದು ಸಿಕ್ಕಿದ್ದೇ ತಡ, ನಕ್ಷೆಯನ್ನು ಮರೆತು ರಾಡಾರನ್ನು ಕಂಬಕ್ಕೆ ಒರಗಿಸಿ ಅಂಟಿಸಿದ್ದವು.

"ಇದು ತಿರುಗೋದೆಂಗೆ?" ಎಂದರು ಭಾಯಿ.

ಈಗ ಕೀಳಲು ಹೋದರೆ ಅಂಟು ಕರಗಿಸುವ ದ್ರವ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಕಂಬ ಹೋದರೆ ಹಡಗೇ ಕೆಟ್ಟಂತೆ, ಬದಲಿ ಸಿಗುವುದಿಲ್ಲ ಎಂದು ವಿವರಿಸಿದೆ.

"ಶೋಕೇಸಲ್ಲಿ ಇಡೋದು ತಾನೇ ಭಾಯಿ, ಯಾಕ್ ತಿರುಗಬೇಕು?" ಎಂದಳು ಸರೋಜ.

"ಇಲ್ಲಮ್ಮ. ರಾಡಾರ್ ನಿಂತ್ರೆ ಹಡಗಿಗೆ ಕಣ್ಣಿಲ್ಲ. ಕುರುಡು ಹಡಗು ಮನೇಲಿಟ್ಕೊಂಡು ಏನ್ ಮಾಡ್ಲಿ? ಕೀಳಿ ಸಾರ್. ಕೆಟ್ರೆ ನಂದು."

ಸೂಜಿಯ ಮೊನೆಯಲ್ಲಿ ದ್ರವವನ್ನು ಮುಟ್ಟಿಸಿದೆ. ಕಂಬದ ಬಣ್ಣ ಎದ್ದಿತು, ಪ್ಲಾಸ್ಟಿಕ್ ಒಂದು ಕಡೆ ಮೆತ್ತಗಾಯಿತು. ಭಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು. ಜಾಲರಿ ಬಿಟ್ಟುಕೊಂಡಿತು, ಅಂಚು ಕೊಂಚ ಸೊಟ್ಟಗಾಗಿತ್ತು, ಕಂಬ ಉಳಿದಿತ್ತು. ಅದು ಗಟ್ಟಿಯಾದ ಮೇಲೆ ತುದಿಗೆ ಗುಂಡುಸೂಜಿಯ ತುಂಡು ನೆಟ್ಟು, ಅದರ ಮೇಲೆ ರಾಡಾರನ್ನು ಅಂಟಿಲ್ಲದೆ ಕೂರಿಸಿದೆ.

ಭಾಯಿ ಮೆಲ್ಲಗೆ ಊದಿದರು. ಅದು ಹಿಂಜರಿಯುತ್ತ ಒಂದು ಸುತ್ತು ತಿರುಗಿತು. ಅವರು ಮಾತ್ರ ಅದನ್ನು ನೋಡುತ್ತಿರಲಿಲ್ಲ. ದೃಷ್ಟಿ ಖಾಲಿ ಮೇಜಿನ ಮೇಲಿತ್ತು, ತೋರುಬೆರಳು ಅಲ್ಲಿ ನಿಧಾನವಾಗಿ ವೃತ್ತ ಎಳೆಯುತ್ತಿತ್ತು.

"ಏನ್ ಕಾಣ್ತಾ ಇದೆ ಭಾಯಿ?" ಎಂದೆ.

"ಏನೂ ಇಲ್ಲ ಸಾರ್."

ವರದಿಗಾರರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ಸಿಡುಕಿದವನು ನಾನು. ಅದರಿಂದ ಪುಟ ತುಂಬುವುದಿಲ್ಲ. ಅನ್ವರ್ ಭಾಯಿ ಅದನ್ನು ಹಡಗಿನ ಮಂದಿಗೆಲ್ಲ ಇನ್ನು ಮಲಗಬಹುದು ಎಂದು ತಿಳಿಸುವವರ ಧ್ವನಿಯಲ್ಲಿ ಹೇಳಿ, ಮತ್ತೊಮ್ಮೆ ಊದಿದರು.