ಮುನಿರಾಜು ಕಾರಿನ ಸೈಲೆನ್ಸರ್, ನನ್ನ ಹೊಟ್ಟೆಕಿಚ್ಚು

ಹೋದ ಭಾನುವಾರ ಬಂಗಾರಪೇಟೆಯ ಗ್ಯಾರೇಜಿಗೆ ಹೋದಾಗ ಮುನಿರಾಜು ಕಾರಿನ ಕೆಳಗೆ ಮಲಗಿದ್ದ. ಅವನ ಪಕ್ಕದಲ್ಲಿ ಇನ್ನೊಂದು ಜೊತೆ ಕಾಲು.

ಆ ಜಾಗ ನನ್ನದು.

ಮುನಿರಾಜು ನನ್ನ ಸ್ಕೂಲ್ ಫ್ರೆಂಡ್. ಒಂದು ಕಾಲದಲ್ಲಿ ರೇಸ್‌ಗಳಲ್ಲಿ ಮಿಂಚಿದ್ದ ಮಾಡೆಲ್‌ನ ಹಳೇ ಕಾರು ಅವರ ಹಸುವಿನ ಕೊಟ್ಟಿಗೆ ಪಕ್ಕ ಕೊಳೀತಾ ಇತ್ತು. ಅದನ್ನು ಎಬ್ಬಿಸೋಣ ಅಂದವನು ನಾನು. ದೊಡ್ಡ ಎಂಜಿನ್ ಕೂರಿಸಿದ್ದು ಇಬ್ಬರೂ ಸೇರಿ. ಅದನ್ನು ಆರ್‌ಸಿಯಲ್ಲಿ ಸೇರಿಸೋವರೆಗೂ ಕಾರು ರೋಡಿಗೆ ಇಳಿಯಬಾರದು ಅಂತ ಹಠ ಹಿಡಿದವನೂ ನಾನೇ.

ಉಳಿದದ್ದು ಸೈಲೆನ್ಸರ್ ಒಂದೇ. ಹಳೇ ಪೈಪು ಹೊಸ ಎಂಜಿನ್‌ಗೆ ಸಣ್ಣದು, ಉಸಿರು ಕಟ್ಟುತ್ತೆ. ಮುನಿರಾಜನಿಗೆ ಎರಡೂವರೆ ಇಂಚಿನ ಪೈಪ್ ಬೇಕು, ಮಧ್ಯೆ ಏನೂ ಇರಬಾರದು... ಸದ್ದು ರಾಬರ್ಟ್‌ಸನ್‌ಪೇಟೆಗೆಲ್ಲ ಕೇಳಬೇಕು.

ನಾನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವನು, ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯವನು. ನಮ್ಮಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆ ತಾತ ಕೆಮ್ಮಿದರೆ ನಮ್ಮನೆ ಮಗು ಎದ್ದು ಅಳುತ್ತೆ. ಗಣಿ ಧೂಳು ಕುಡಿದ ಎದೆಗಳ ಮುಂದೆ ಹೊಗೆ ಬಿಟ್ಟು ಗುಡುಗಿಕೊಂಡು ಹೋಗೋದು ಶೋಕಿ ಅಲ್ಲ, ದಬ್ಬಾಳಿಕೆ.

ಇದನ್ನೆಲ್ಲ ಬರೆದು ಅವನಿಗೆ ಮೆಸೇಜ್ ಕಳಿಸಿದ್ದೆ. ಕೊನೆಯಲ್ಲಿ ನನ್ನ ಬೇಡಿಕೆಗಳು... ಪೈಪ್ ಎರಡು ಇಂಚು ಸಾಕು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ತೆಗೀಬಾರದು, ಸದ್ದು ತಗ್ಗಿಸೋಕೆ ಮಧ್ಯೆ ರೆಸೊನೇಟರ್ ಇರಲೇಬೇಕು.

"ಏನ್ಲಾ ಇದು, ಎಲೆಕ್ಷನ್ ಪಾಂಪ್ಲೆಟ್ಟಾ?" ಅಂತ ನಕ್ಕಿದ್ದ.

ಈಗ ಆ ಎರಡು ಕಾಲಿನ ಯಜಮಾನ ಹೊರಗೆ ಬಂದ. ಊರಿಗಾಂನ ಸೆಲ್ವ, ಮುನಿರಾಜನಿಗೆ ಇತ್ತೀಚೆಗೆ ಸಿಕ್ಕ ಗೆಳೆಯ.

"ಎರಡು ಇಂಚು ಸಾಕು ಮಚ್ಚಾ. ದೊಡ್ಡದು ಆಕಿದ್ರೆ ಸೆಕೆಂಡ್ ಗೇರಲ್ಲಿ ಎಳೆಯಲ್ಲ. ಕ್ಯಾಟ್ ಇರ್ಲಿ. ರೆಸೊನೇಟರ್ ಇಲ್ದಿದ್ರೆ ಒಳಗೆ ಕೂತೋರಿಗೇ ತಲೆನೋವು" ಅಂದ.

"ಸರಿ ಬಿಡು, ಅಂಗೇ ಮಾಡಣ" ಅಂದ ಮುನಿರಾಜು. ಅಷ್ಟೇ!

"ಲೇ, ನಾನು ಬರೆದಿದ್ದೂ ಇದೇ ಅಲ್ವೇನೋ?"

"ನೀನ್ ಬರ್ದಿದ್ದು ತಾತನ ಕೆಮ್ಮು ಕಣ್ಲಾ. ಇವ್ನು ಏಳಿದ್ದು ಕಾರು."

ಗೆದ್ದಿದ್ದು ನನ್ನ ಮಾತು. ನಮ್ಮ ಲೈನಿನವರ ನಿದ್ದೆ ಉಳಿಯಿತು. ನಾನು ಕುಣಿಯಬೇಕಿತ್ತು. ಹೊಟ್ಟೆಯೊಳಗೆ ಮಾತ್ರ ಕೆಂಡ.

ನಿನ್ನೆ ವೆಲ್ಡಿಂಗ್ ಮುಗಿಯಿತು. ಮೊದಲ ಓಟ, ಬಂಗಾರಪೇಟೆಯಿಂದ ಕೆಜಿಎಫ್‌ಗೆ. ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಅಲ್ಲಿ ಸೆಲ್ವ ಕೂರ್ಲಿ, ಸೌಂಡು ಕೇಳ್ಬೇಕು ಅವ್ನು. ನೀನ್ ಇಂದೆ ಬಾ ಲೀಡ್ರೇ."

ಹಿಂದೆ ಕೂತೆ. ಮೊಣಕಾಲು ಗದ್ದಕ್ಕೆ ತಾಗುತ್ತಿದೆ. ಕಾರು ಏರಿನಲ್ಲಿ ಸಲೀಸಾಗಿ ಹತ್ತುತ್ತಿದೆ. ಮುಂದೆ ಇಬ್ಬರೂ ಏನೋ ಹೇಳಿಕೊಂಡು ನಗ್ತಾ ಇದ್ದಾರೆ, ಗಾಳಿಗೆ ನನಗೆ ಕೇಳಿಸ್ತಿಲ್ಲ.

ನಾನು ಕಿವಿ ಕೊಟ್ಟು ಕೂತಿದ್ದೀನಿ... ಎಲ್ಲಾದರೂ ಒಂದು ಕಡೆ ಗೊರ್ ಅನ್ನಲಿ, ಒಂದು ಜಾಯಿಂಟ್ ಬಿಡಲಿ, ಸೆಲ್ವನ ಮುಖ ಒಂದು ಸಲ ಸಪ್ಪಗಾಗಲಿ.

ಏನೂ ಆಗಲಿಲ್ಲ. ಪೈಪು ಅಷ್ಟು ಚೆನ್ನಾಗಿದೆ.

ಸದ್ದು ಬೇಡ ಅಂತ ಬೀದಿ ಬೀದಿಯಲ್ಲಿ ಹೇಳೋ ನಾನು, ದಾರಿಯುದ್ದಕ್ಕೂ ಸದ್ದು ಬರಲಿ ಅಂತ ಕಾದೆ. ನಿಮ್ಮ ಮಾತು ಇನ್ನೊಬ್ಬರ ಬಾಯಲ್ಲಿ ಗೆದ್ದಾಗ ನಿಮಗೆ ನಿಜವಾಗಲೂ ಖುಷಿ ಆಗಿದೆಯಾ?