ಕಂಬದ ಮೂಲಕ ಚಿಕ್ಕತ್ತೆಗೆ ಹೇಳಿದ ಮಾತು

ಬಡಗಿಯೊಬ್ಬನ ನೆನಪುಗಳನ್ನು ದಾಖಲಿಸುವ ಮೊದಲ ಮಾತುಕತೆಯನ್ನು ಗೊತ್ತುಮಾಡಲು ಹನ್ನೊಂದು ದಿನ ಹಿಡಿಯಿತು. ಕಾಲ್ಮೆಟ್ ಒಲ್ಲೆ ಎಂದದ್ದಿಲ್ಲ. ಎಫಾಟೆ ಎಂಬ ದೊಡ್ಡ ದ್ವೀಪದ ಉತ್ತರಕ್ಕಿರುವ ಆ ಪುಟ್ಟ ದ್ವೀಪದಲ್ಲಿ ಯಾರೂ ಯಾವುದಕ್ಕೂ ಎದುರಿಗೆ ಒಲ್ಲೆ ಎನ್ನುವುದಿಲ್ಲ. ಐವತ್ತೆಂಟು ವಯಸ್ಸಿನ ಆ ಬಡಗಿ ಹೆಂಡತಿ ಲೇಮಾರಾಳ ಕೈಯಲ್ಲಿ ಮೂರು ಷರತ್ತುಗಳನ್ನು ಹೇಳಿ ಕಳಿಸಿದ. ಮಾತುಕತೆ ದೋಣಿಗಳ ಚಪ್ಪರದಲ್ಲಿ ನಡೆಯಬೇಕು; ಅಲ್ಲಾದರೆ ತಾನು ಕುರ್ಚಿಯ ಮೇಲೆ ಕೂತದ್ದು ಅತ್ತೆಯ ಕಣ್ಣಿಗೆ ಬೀಳುವುದಿಲ್ಲ. ತಾನು ಬಾಯಿಂದ ಆಡಬಾರದ ಹೆಸರುಗಳು ಬಂದಾಗಲೆಲ್ಲ ಲೇಮಾರಾ ಪಕ್ಕದಲ್ಲಿದ್ದು ಅವನ್ನು ಹೇಳಬೇಕು. ಮತ್ತು ಚರ್ಚಿನ ಗಂಟೆಗೋಪುರದ ವಿಷಯವನ್ನು ಯಾರೂ ಎತ್ತಕೂಡದು.

2018ರ ಸೆಪ್ಟೆಂಬರ್ 4ರಂದು ಧ್ವನಿಮುದ್ರಣ ಆರಂಭವಾಯಿತು. ಗೋಪುರದ ವಿಷಯವನ್ನು ಯಾರೂ ಎತ್ತಲಿಲ್ಲ. ಕಾಲ್ಮೆಟ್ ತಾನಾಗಿಯೇ ಮೊದಲ ನಲವತ್ತು ನಿಮಿಷ ಅದರ ಬಗ್ಗೆಯೇ ಮಾತಾಡಿದ.

ಮರದ ಆ ಗೋಪುರವನ್ನು ಅವನು ಕಟ್ಟಿದ್ದು 2009ರಲ್ಲಿ. ಕಟ್ಟಿದ ದಿನ ನೆಟ್ಟಗಿತ್ತು ಎಂದು ಇಂದಿಗೂ ಆಣೆ ಮಾಡುತ್ತಾನೆ. ಆಮೇಲೆ ಚರ್ಚಿನ ಕೆಲಸ ನೋಡಿಕೊಳ್ಳುವ ಡೀಕನ್ ಯಾರನ್ನೂ ಕೇಳದೆ, ಮುಳುಗಿದ ಹಡಗೊಂದರ ದೊಡ್ಡ ಗಂಟೆಯನ್ನು ತಂದು ತೂಗುಹಾಕಿದ. ಗೋಪುರ ಮೆಲ್ಲನೆ ಸಮುದ್ರದ ಕಡೆಗೆ ಬಾಗಿತು; ಬಿದ್ದಿದ್ದರೆ ಜನ ಮರೆಯುತ್ತಿದ್ದರೋ ಏನೋ, ಅದು ಬೀಳಲೂ ಇಲ್ಲ. ಒಂದು ವರ್ಷದೊಳಗೆ ಊರಿನ ಮಾತಿಗೆ ಹೊಸದೊಂದು ಪದ ಸೇರಿತು. ಟೋಪಿ ಸೊಟ್ಟಗಿದ್ದರೆ ಟೋಪಿ ಕಾಲ್ಮೆಟ್ ಆಗಿದೆ ಎಂದರು. ಕುಡಿದವನು ಓಲಾಡುತ್ತ ಬಂದರೆ, "ನೋಡ್ರೋ, ಕಾಲ್ಮೆಟ್ ಕಾಲ್ಮೆಟ್ ಆಗಿ ಬರ್ತಿದ್ದಾನೆ" ಎಂದರು, ಬರುತ್ತಿರುವವನು ಬೇರೆ ಯಾರೋ ಆಗಿದ್ದರೂ. ತನ್ನದೇ ಹೆಸರು ವಾಲಿದ ವಸ್ತುಗಳಿಗೆಲ್ಲ ಸಲ್ಲುವುದನ್ನು ಆ ಬಡಗಿ ಐದು ವರ್ಷ ಕೇಳಿಸಿಕೊಂಡ.

ಆದ್ದರಿಂದ 2014ರ ಜುಲೈನಲ್ಲಿ ಆರೋಗ್ಯಕೇಂದ್ರದ ಹಿತ್ತಲಿಗೆ ಮಳೆನೀರಿನ ಟ್ಯಾಂಕು ಬರುತ್ತದೆ, ಸ್ಥಳೀಯ ಮೇಸ್ತ್ರಿಯಾಗಿ ಕಾಲ್ಮೆಟ್ ಇರಲಿ ಎಂದು ಊರ ಮುಖಂಡರಾದ ಮಾರಿಕೋರೊ ಸಾರಿದಾಗ, ಅವನಿಗೆ ಅದು ಬರೀ ನೀರಿನ ವಿಷಯವಾಗಿ ಕಾಣಲಿಲ್ಲ. ಆರು ಸಾವಿರ ಲೀಟರ್ ನೀರು ಹೊತ್ತು ಒಂದು ವಸ್ತು ನೆಟ್ಟಗೆ ನಿಂತರೆ ತನ್ನ ಹೆಸರೂ ನೆಟ್ಟಗಾಗುತ್ತದೆ. ಅದೂ ವಾಲಿತೋ, ಮೊಮ್ಮಕ್ಕಳ ಕಾಲಕ್ಕೂ ಆ ಪದ ಸಾಯುವುದಿಲ್ಲ.

ಟ್ಯಾಂಕಿನ ಜೊತೆಗೆ ಮೂರು ವಾರದ ಮಟ್ಟಿಗೆ ಆರು ಜನ ವಿದೇಶಿ ಸ್ವಯಂಸೇವಕರೂ ಬರುವವರಿದ್ದರು. ಊರಿಗೆ ಅವರು ಹೊಸಬರಲ್ಲ. ಹಿಂದೆ ಬಂದ ಒಂದು ತಂಡ ಶಾಲೆಯ ಗೋಡೆಗೆ ಆಮೆಗಳ ಚಿತ್ರ ಬರೆದಿತ್ತು. ಇನ್ನೊಂದು ಕೋಳಿಗೂಡು ಕಟ್ಟಿತ್ತು. ಕೋಳಿಗಳು ಅದರ ಮಾಡಿನ ಮೇಲೆ ಮಲಗುತ್ತವೆ. ಮತ್ತೊಂದು ತಂಡ ಮೀನು ಹಿಡಿಯುವುದು ಹೇಗೆಂದು ಊರವರಿಗೆ ಎರಡು ವಾರ ಪಾಠ ಹೇಳಿ, ಅಷ್ಟೂ ದಿನ ಊರವರು ಹಿಡಿದ ಮೀನನ್ನೇ ಉಂಡು ಹೋಗಿತ್ತು. ಎಲ್ಲರೂ ಒಳ್ಳೆಯ ಮಕ್ಕಳು, ಹೋಗುವಾಗ ಎಲ್ಲರೂ ಅತ್ತಿದ್ದರು ಎಂದು ಲೇಮಾರಾ ಸೇರಿಸಿದಳು.

ಬಂದವರು ಯಾವುದಾದರೂ ಕುಲಕ್ಕೆ ಸೇರದೆ ಊರಿನಲ್ಲಿ ಒಂದು ದಿನವೂ ಇರುವಂತಿಲ್ಲ. ತಾಯಿಯ ಕಡೆಯಿಂದ ಬರುವ ಕುಲಗಳವು: ಗೆಣಸಿನವರು, ತೆಂಗಿನವರು, ಆಕ್ಟೋಪಸ್‌ನವರು. ಬಂದ ದಿನ ಮಧ್ಯಾಹ್ನ, ಆಲದ ಕೆಳಗೆ, ತೆಂಗಿನಹಾಲಿನಲ್ಲಿ ಬೆಂದ ಲಪ್ಲಪ್ ಕಡುಬು ಹಂಚುತ್ತಿರುವಾಗ ಮುಖಂಡರು ಅತಿಥಿಗಳನ್ನು ಮನೆಮನೆಗೆ ಹಂಚಿದರು. ಕೊನೆಗೆ ಉಳಿದವಳು ಡೆನ್ಮಾರ್ಕಿನ ಸಿಗ್ನೆ. ಹತ್ತೊಂಬತ್ತು ವಯಸ್ಸು, ಎಂಜಿನಿಯರಿಂಗ್ ಓದಲು ಸೀಟು ಸಿಕ್ಕಿತ್ತು, ತರಗತಿ ಇನ್ನೂ ಶುರುವಾಗಿರಲಿಲ್ಲ. ಅದೇ ಕಾರಣಕ್ಕೆ ತಂಡದವರು ನಕ್ಷೆಯನ್ನೂ ಮಟ್ಟ ನೋಡುವ ರಸಮಟ್ಟವನ್ನೂ ಅವಳ ಕೈಗೆ ಒಪ್ಪಿಸಿದ್ದರು.

"ಇವಳು ಆಕ್ಟೋಪಸ್ ಕುಲದ ಲೇತಾಂಗಿಗೆ ಮೊಮ್ಮಗಳು" ಎಂದರು ಮುಖಂಡರು.

ಲೇತಾಂಗಿ ಎಂದರೆ ಲೇಮಾರಾಳ ತಾಯಿ, ಕಾಲ್ಮೆಟ್‌ನ ಅತ್ತೆ. ಎಂಬತ್ತು ವರ್ಷದ ಆಕೆ ಚಾಪೆಯಿಂದ ಎದ್ದು ನಿಂತಳು.

"ಮೊಮ್ಮಕ್ಕಳು ನನಗೆ ಹದಿನೇಳು ಜನ ಇದ್ದಾರೆ, ಸಾಕಾಗಿ ಹೋಗಿದೆ. ನನಗೆ ತಂಗಿ ಬೇಕು."

"ತಂಗಿನಾ? ಲೇತಾಂಗಜ್ಜಿ, ಹುಡುಗಿ ವಯಸ್ಸು ನೋಡಿ."

"ವಯಸ್ಸು ಅವಳದ್ದು, ತಂಗಿ ನನ್ನವಳು. ನಿಮಗೇನು ಕಷ್ಟ? ನಮ್ಮ ಲೇವಿಯಾ ಹೋಗಿ ಆರು ವರ್ಷ ಆಯ್ತು. ಆ ಹೆಸರು ಸುಮ್ನೆ ಬಿದ್ದಿದೆ. ಇವಳಿಗಿಡಿ."

ತೀರಿಕೊಂಡ ತಂಗಿಯ ಹೆಸರನ್ನೇ ಕೊಡುತ್ತೇನೆಂದಾಗ ಯಾರು ತಾನೇ ಬೇಡ ಎನ್ನಬಲ್ಲರು? ಮುಖಂಡರು ತಲೆಯಾಡಿಸಿದರು. ಜನ ಚಪ್ಪಾಳೆ ತಟ್ಟಿದರು. ಕಾಲ್ಮೆಟ್‌ನ ಬಾಯಲ್ಲಿದ್ದ ಕಡುಬು ಇದ್ದಲ್ಲೇ ನಿಂತಿತು. ಹೆಂಡತಿಯ ತಾಯಿಯ ತಂಗಿ ಎಂದರೆ ಚಿಕ್ಕತ್ತೆ. ಅತ್ತೆಯಾದವಳ ಹೆಸರು ಹೇಳುವಂತಿಲ್ಲ, ಮುಖ ನೋಡಿ ಮಾತಾಡುವಂತಿಲ್ಲ, ಅವಳೆದುರು ಬಾಯಿಗೆ ಏನೂ ಹಾಕುವಂತಿಲ್ಲ, ಅವಳ ತಲೆಗಿಂತ ಎತ್ತರದಲ್ಲಿ ಇರುವಂತಿಲ್ಲ. ಕಡುಬನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ, ಅವನು ಮೆಲ್ಲಗೆ ಆಲದ ಹಿಂದಕ್ಕೆ ಸರಿದು ಅಲ್ಲಿ ನುಂಗಿದ.

"ನಾಳೆಯಿಂದ ನಾನು ಕೆಲಸ ಮಾಡೋದು ಹೇಗೆ?" ಎಂದು ಹೆಂಡತಿಯನ್ನು ಕೇಳಿದ.

"ಮರ್ಯಾದೆಯಿಂದ" ಎಂದಳು ಲೇಮಾರಾ. ಧ್ವನಿಮುದ್ರಿಕೆಯಲ್ಲಿ ಈ ಜಾಗದಲ್ಲಿ ಆಕೆ ನಕ್ಕಿದ್ದು ಸುಮಾರು ಹೊತ್ತು ಕೇಳಿಸುತ್ತದೆ.

ಮರುದಿನ ಕಾಲ್ಮೆಟ್ ಆರೋಗ್ಯಕೇಂದ್ರದ ಸೂರಿಗೆ ಮಳೆನೀರು ಹರಿಯುವ ದಂಬೆ ಕಟ್ಟಲು ಏಣಿ ಹತ್ತಿದ. ಸಿಗ್ನೆ ಕೆಳಗೆ ಬಂದು "ಗುಡ್ ಮಾರ್ನಿಂಗ್" ಎಂದಳು. ಮರ್ಯಾದೆಯಿಂದ ಇಳಿದ. ಅವಳು ಹೋದ ಮೇಲೆ ಹತ್ತಿದ. ಅವಳು ಮೊಳೆ ಕೇಳಲು ಬಂದಳು, ಇಳಿದ. ಮಧ್ಯಾಹ್ನದೊಳಗೆ ಇಪ್ಪತ್ತಮೂರು ಸಲ ಹತ್ತಿಳಿದ ಎಂದು ಆರೋಗ್ಯಕೇಂದ್ರದ ಸರದಿಯಲ್ಲಿ ಕೂತ ರೋಗಿಗಳು ಎಣಿಸಿದ್ದಾರೆ. ಪಾಪ, ಈ ಮನುಷ್ಯನಿಗೆ ಎತ್ತರ ಕಂಡರೆ ಭಯ ಎಂದುಕೊಂಡ ಸಿಗ್ನೆ ತಾನೇ ಏಣಿ ಹತ್ತಿದಳು. ದಂಬೆಯನ್ನು ಬಹಳ ಶ್ರದ್ಧೆಯಿಂದ, ನೀರೆಲ್ಲ ಟ್ಯಾಂಕಿಗೆ ವಿರುದ್ಧ ದಿಕ್ಕಿಗೆ ಹರಿಯುವ ಹಾಗೆ, ಕಟ್ಟಿದಳು. ಬಿಸಿಲಿನಲ್ಲಿ ನಿಂತವನಿಗೆ ಲೋಟದಲ್ಲಿ ನೀರು ತಂದುಕೊಟ್ಟರೆ, ಅವನು ಲೋಟ ತೆಗೆದುಕೊಂಡು ಕಟ್ಟಡದ ಹಿಂದಕ್ಕೆ ಓಡಿದ.

ದಂಬೆಯನ್ನು ಬಿಚ್ಚಿ ಕಟ್ಟಬಹುದಿತ್ತು. ಕಟ್ಟೆಯದೇ ಚಿಂತೆ. ಮೊದಲ ವಾರದ ಕೊನೆಗೆ ತಂಡದ ಹುಡುಗರು ಹವಳಗಲ್ಲು ಸುತ್ತಲೂ ಇಟ್ಟು ಒಳಗೆ ಕಾಂಕ್ರೀಟು ತುಂಬಿ ಟ್ಯಾಂಕಿಗೆ ಕಟ್ಟೆ ಮಾಡಿದರು. ಸಿಗ್ನೆ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತದ್ದನ್ನು ನೋಡಿ, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡಳು. ಕಾಲ್ಮೆಟ್ ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿದ. ಕಟ್ಟೆ ಸಮುದ್ರದ ಕಡೆಗೆ ಇಳಿದಿತ್ತು, ಗೋಪುರ ಬಾಗಿದ ಕಡೆಗೇ.

ಮನೆಗೆ ಬಂದು ಲೇಮಾರಾಳಿಗೆ ಹೇಳಿದ: "ಹೋಗಿ ಹೇಳು. ಕಟ್ಟೆ ಹಂದಿ ಬೆನ್ನಿನ ಹಾಗಿದೆ ಅಂತ."

"ನಾನಾ? ಅವಳು ನನ್ನ ಚಿಕ್ಕಮ್ಮ. ಅಮ್ಮನ ಕೆಲಸದಲ್ಲಿ ಮಗಳು ತಪ್ಪು ಹುಡುಕೋದುಂಟಾ?"

"ನಿನಗಿಂತ ಮೂವತ್ತು ವರ್ಷ ಚಿಕ್ಕವಳು ಕಣೇ!"

"ಚಿಕ್ಕವರಾಗಿದ್ದಕ್ಕೇ ಚಿಕ್ಕಮ್ಮ ಅನ್ನೋದು."

"ಅವರು ಮೂರು ವಾರಕ್ಕೆ ಹೋಗ್ತಾರೆ. ವಾಲಿದ್ದು ಇಲ್ಲೇ ಇರುತ್ತೆ, ನನ್ನ ಹೆಸರಲ್ಲಿ."

ಲೇಮಾರಾಳ ಮುಖದ ನಗು ಇಳಿಯಿತು. ಆದರೂ ಹೋಗಲಿಲ್ಲ. "ಕಂಬಕ್ಕೆ ಹೇಳು" ಎಂದಳು.

ಕಂಬಕ್ಕೆ ಹೇಳುವುದು ಆ ಮನೆಯಲ್ಲಿ ಮೂವತ್ತೊಂದು ವರ್ಷದಿಂದ ನಡೆದು ಬಂದ ಕ್ರಮ. ಅತ್ತೆಗೆ ತಿಳಿಯಬೇಕಾದದ್ದನ್ನು ಅಳಿಯ ನಡುಮನೆಯ ಕಂಬದೆದುರು ಹೇಳುತ್ತಾನೆ. ಅತ್ತೆ ತನ್ನ ಉತ್ತರವನ್ನು ಅದೇ ಕಂಬಕ್ಕೆ ಕೊಡುತ್ತಾಳೆ. ಹೀಗೆಯೇ ಎರಡು ಮದುವೆಗಳು ಕುದುರಿದ್ದವು, ಒಂದು ಹಂದಿಯ ವ್ಯಾಜ್ಯ ತೀರಿತ್ತು. ಕಾಲ್ಮೆಟ್ ಆರೋಗ್ಯಕೇಂದ್ರದ ಜಗುಲಿಯ ಕಂಬವನ್ನು ಆರಿಸಿಕೊಂಡ. ಸಿಗ್ನೆ ಹತ್ತಿರದಲ್ಲಿದ್ದಾಗ, ಬೆನ್ನು ಅವಳ ಕಡೆಗೆ ಮಾಡಿ, ಗಟ್ಟಿಯಾಗಿ ಶುರುಮಾಡಿದ:

"ನೋಡಪ್ಪ ಕಂಬಣ್ಣ, ನನಗೇನೋ ಕಟ್ಟೆ ಸ್ವಲ್ಪ ಇಳಿದಿದೆ ಅನ್ನಿಸುತ್ತೆ. ನಿನಗೆ ಹೇಗೆ ಕಾಣುತ್ತೆ?"

ಸಿಗ್ನೆ ವಿಮಾನದಲ್ಲಿ ಕೂತು ಪುಸ್ತಕ ನೋಡಿ ದ್ವೀಪದವರ ಬಿಸ್ಲಾಮಾ ಭಾಷೆ ಕಲಿತವಳು. ಮಾತು ಅರ್ಥವಾಯಿತು. ಒಬ್ಬ ವಯಸ್ಸಾದ ಮನುಷ್ಯ ಬಿಸಿಲಿನಲ್ಲಿ ಕಂಬದ ಅಭಿಪ್ರಾಯ ಕೇಳುತ್ತಿದ್ದಾನೆ ಎಂಬುದೂ ಅರ್ಥವಾಯಿತು. ಅವಳು ಓಡಿಹೋಗಿ ನರ್ಸನ್ನು ಕರೆತಂದಳು. ನರ್ಸ್ ಅವನ ರಕ್ತದೊತ್ತಡ ನೋಡಿದಳು. ತುಸು ಹೆಚ್ಚಿತ್ತು.

ಎರಡನೆಯ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಸಿಗ್ನೆ ಲೇತಾಂಗಿಯ ಪಕ್ಕ ಚಾಪೆಯಲ್ಲಿ ಕೂತು ಕಣ್ಣೀರು ಹಾಕಿಕೊಂಡಳು. ಬೇಲಿಯಾಚೆ ಗೆಣಸು ಹೆರೆಯುತ್ತಿದ್ದ ಕಾಲ್ಮೆಟ್‌ಗೆ ಪ್ರತಿಯೊಂದು ಮಾತೂ ಕೇಳಿಸಿತು.

"ಅಕ್ಕಾ, ಆ ಮೇಸ್ತ್ರಿಗೆ ನನ್ನ ಕಂಡರೆ ಆಗೋದೇ ಇಲ್ಲ. ನನ್ನ ಮುಖಾನೂ ನೋಡಲ್ಲ. ನೀರು ಕೊಟ್ಟರೆ ಓಡ್ತಾರೆ. ನಾನೇನು ತಪ್ಪು ಮಾಡಿದೆ?"

ಲೇತಾಂಗಿ ಹಲ್ಲಿಲ್ಲದ ಬಾಯಿ ತೆರೆದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಹುಚ್ಚೀ! ನಿನಗೆ ಕೊಡೋ ಮರ್ಯಾದೆ ಅವನು ಮುಖಂಡರಿಗೂ ಕೊಟ್ಟಿಲ್ಲ. ನನ್ನ ಜೊತೆ ಮೂವತ್ತೊಂದು ವರ್ಷದಿಂದ ಒಂದು ಮಾತಾಡಿಲ್ಲ. ಅಷ್ಟು ಒಳ್ಳೆ ಅಳಿಯ ಈ ದ್ವೀಪದಲ್ಲಿ ಇನ್ನೊಬ್ಬನಿಲ್ಲ."

ಮೂವತ್ತೊಂದು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಗೆಣಸು ಹೆರೆಯುವ ಚಾಕು ಬೆರಳಿಗೆ ತಗುಲಿತು. ಒಳಗೆ ಲೇತಾಂಗಿ ತಂಗಿಗೆ ಏಣಿಯ ವಿಷಯ, ಲೋಟದ ವಿಷಯ, ಕಂಬದ ವಿಷಯ ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಳು. ಸಿಗ್ನೆ ನಡುನಡುವೆ ಮುಖ ಮುಚ್ಚಿಕೊಂಡು ಡ್ಯಾನಿಶ್ ಭಾಷೆಯಲ್ಲಿ ಏನೋ ಅಂದಳು.

ಸೋಮವಾರದಿಂದ ಅವಳು ತಾನು ಬರುವ ಸೂಚನೆ ಕೊಡತೊಡಗಿದಳು, ಮೇಸ್ತ್ರಿಗೆ ಏಣಿಯಿಂದ ನಿಧಾನವಾಗಿ ಇಳಿಯಲು ಸಮಯ ಸಿಗಲಿ ಎಂದು. ಸೂಚನೆಗೆ ಹತ್ತಿರದಲ್ಲಿ ಸಿಕ್ಕಿದ್ದು ಚರ್ಚಿನ ಗಂಟೆ. ಮೊದಲ ಸಲ ಬಾರಿಸಿದಾಗ ಹದಿನಾಲ್ಕು ಮಂದಿ ಬೈಬಲ್ ಹಿಡಿದು ಬಂದರು. ಎರಡನೆಯ ಸಲ ಡೀಕನ್ ಒಬ್ಬನೇ ಬಂದ, ಬೈಬಲ್ ಇಲ್ಲದೆ.

ಮಂಗಳವಾರ ಬೆಳಿಗ್ಗೆ ಕಾಲ್ಮೆಟ್ ಅರ್ಧ ತೆಂಗಿನ ಚಿಪ್ಪನ್ನು ತಳ ಉಜ್ಜಿ ಕೂರುವಂತೆ ಮಾಡಿ, ಕಟ್ಟೆಯ ನಡುವೆ ಇಟ್ಟು, ಅಂಚಿನ ತನಕ ನೀರು ತುಂಬಿ, ಜಗುಲಿಗೆ ಹೋಗಿ ನಿಂತ. ನೀರು ಸಮುದ್ರದ ಕಡೆಯ ಅಂಚಿನಿಂದ ಒಂದು ಎಳೆಯಾಗಿ ಚೆಲ್ಲಿತು. ಸಿಗ್ನೆ ಬಹಳ ಹೊತ್ತು ಚಿಪ್ಪನ್ನು ನೋಡಿದಳು. ಆಮೇಲೆ ಬಂದು ಕಂಬದ ಇನ್ನೊಂದು ಮಗ್ಗುಲಿಗೆ ನಿಂತಳು.

"ಕಂಬಣ್ಣ," ಎಂದಳು, "ನನ್ನ ರಸಮಟ್ಟ ಸರಿಯಾಗಿದೆ ಅನ್ನುತ್ತಲ್ಲ?"

ಕಾಲ್ಮೆಟ್‌ನ ಎದೆ ಹಗುರವಾಯಿತು. "ಕಂಬಣ್ಣ, ಹಿರಿಯರ ರಸಮಟ್ಟದ ಬಗ್ಗೆ ನಾನೇನು ಹೇಳಲಿ? ಆದರೂ ಅದನ್ನ ಹಿಂದುಮುಂದು ತಿರುಗಿಸಿ ಇಟ್ಟು ನೋಡೋ ಪದ್ಧತಿ ನಮ್ಮಲ್ಲಿದೆ."

ಅವಳು ತಿರುಗಿಸಿ ಇಟ್ಟಳು. ಗುಳ್ಳೆ ಒಂದು ತುದಿಗೆ ಓಡಿತು.

"ಕಂಬಣ್ಣ, ಇದು ದೋಣಿಯಲ್ಲಿ ನನ್ನ ಕೈಜಾರಿ ಬಿದ್ದಿತ್ತು. ನಾನು ಯಾರಿಗೂ ಹೇಳಲಿಲ್ಲ."

"ಬಿದ್ದ ವಸ್ತು ಸ್ವಲ್ಪ ಸುಳ್ಳು ಹೇಳುತ್ತೆ ಕಂಬಣ್ಣ. ಹಿರಿಯರದ್ದೇನೂ ತಪ್ಪಿಲ್ಲ."

"ಕಂಬಣ್ಣ, ನಿನ್ನ ಪಕ್ಕದವರನ್ನ ಕೇಳು. ಶನಿವಾರ ದೋಣಿ ಬರುತ್ತೆ. ಸರಿಮಾಡೋಕೆ ಆಗುತ್ತಾ?"

"ಆಗುತ್ತೆ. ತಗ್ಗಿನ ಕಡೆಗೆ ಎರಡು ಬೆರಳು ಗಾರೆ. ಮತ್ತೆ, ಕಂಬಣ್ಣ, ಆ ದಂಬೆ…"

"ದಂಬೆಗೆ ಏನಾಗಿದೆ?" ಎಂದು ಸಿಗ್ನೆ ಕಂಬವನ್ನು ಮರೆತು ನೇರವಾಗಿ ಅವನನ್ನೇ ಕೇಳಿಬಿಟ್ಟಳು. ಕಾಲ್ಮೆಟ್ ಕಟ್ಟಡದ ಹಿಂದಕ್ಕೆ ಓಡಿದ.

ಗಾರೆ ಎರಡು ದಿನದಲ್ಲಿ ಗಟ್ಟಿಯಾಯಿತು. ಆ ಎರಡು ದಿನ ಸಿಗ್ನೆ ಗಂಟೆಯ ಹತ್ತಿರವಾಗಲಿ ಏಣಿಯ ಹತ್ತಿರವಾಗಲಿ ಸುಳಿಯಲಿಲ್ಲ. ಕಾಲ್ಮೆಟ್ ಏಣಿಯ ಮೇಲೆ ಬಿಡುವಾಗಿ ಕೂತು ದಂಬೆಯನ್ನು ಬಿಚ್ಚಿ ಕಟ್ಟಿದ. ಶುಕ್ರವಾರ ಖಾಲಿ ಟ್ಯಾಂಕನ್ನು ಎಂಟು ಜನ ಎತ್ತಿ ಕಟ್ಟೆಯ ಮೇಲಿಟ್ಟರು. ಶನಿವಾರ ಕಡಲತೀರದಲ್ಲಿ ಅತಿಥಿಗಳು ಊರಿನವರ ಕೈ ಕುಲುಕುತ್ತ ಬಂದರು. ಎಲ್ಲರೂ ಅತ್ತರು. ಕಾಲ್ಮೆಟ್ ಸಾಲಿನಲ್ಲಿ ಇರಲಿಲ್ಲ, ದೋಣಿ ಕಟ್ಟುವ ಗೂಟದ ಹಿಂದೆ ಮುಖ ತಿರುಗಿಸಿ ನಿಂತಿದ್ದ. ಸಿಗ್ನೆ ಅಲ್ಲಿಗೆ ಹೋಗಿ ಗೂಟದ ಮೇಲೆ ಕೈಯಿಟ್ಟಳು.

"ಇದು ಆ ಕಂಬ ಅಲ್ಲ," ಎಂದಳು, "ಆದರೆ ನೆಂಟನಿರಬಹುದು. ಹೋಗಿ ಬರ್ತೀನಿ ಅಂತ ಹೇಳು."

ಆಗ ಕಾಲ್ಮೆಟ್ ಗೂಟಕ್ಕೆ ಏನು ಹೇಳಿದ ಎಂದು ಕೇಳಿದಾಗ, ಧ್ವನಿಮುದ್ರಿಕೆಯಲ್ಲಿ ಉತ್ತರ ಕೊಟ್ಟವಳು ಲೇಮಾರಾ: "ಮೂಗು ಒರೆಸಿಕೊಂಡ, ಅಷ್ಟೆ."

ಪದವೇನೂ ಊರಿನಿಂದ ಹೋಗಿಲ್ಲ. ಟೋಪಿಗಳು ಇಂದಿಗೂ ಕಾಲ್ಮೆಟ್ ಆಗುತ್ತವೆ. ಗೋಪುರ ನಿಂತಿರುವಷ್ಟು ಕಾಲ ಬೇರೆ ದಾರಿಯಿಲ್ಲ ಎಂದು ಡೀಕನ್ ಹೇಳುತ್ತಾನೆ. ಗಂಟೆ ಬದಲಿಸಲು ಮಾತ್ರ ಒಪ್ಪುವುದಿಲ್ಲ. ಡೆನ್ಮಾರ್ಕಿನಿಂದ ವರ್ಷಕ್ಕೊಂದು ಕಾಗದ ಬರುತ್ತದೆ. ಮೇಲಿನ ವಿಳಾಸ ಲೇತಾಂಗಿಯದು, ಒಳಗಿನ ಕೊನೆಯ ಸಾಲು ಯಾವಾಗಲೂ ಕಂಬಕ್ಕೆ. ಲೇಮಾರಾ ಅದನ್ನು ಜಗುಲಿಗೆ ಹೋಗಿ ಓದುತ್ತಾಳೆ.

ಐದನೆಯ ಮಾತುಕತೆ ಮುಗಿದಾಗ ಕಾಲ್ಮೆಟ್ ಒಂದು ಬೇಡಿಕೆ ಇಟ್ಟ. ಬಾಯಿಮಾತು ಎಷ್ಟಾದರೂ ಬಾಯಿಮಾತೇ, ಟ್ಯಾಂಕಿನ ವಿಷಯದಲ್ಲಿ ಅಳತೆಯೂ ದಾಖಲೆಯಲ್ಲಿರಲಿ ಎಂದ. ಚಿಪ್ಪನ್ನು ಅವನೇ ತಂದ. ಅತ್ತೆ ಜಗುಲಿಯಲ್ಲಿ ಕೂತಿದ್ದರಿಂದ, ಕಟ್ಟೆ ಹತ್ತಿ ಅದನ್ನಿಡುವ ಕೆಲಸ ಲೇಮಾರಾಳ ಪಾಲಿಗೆ ಬಂತು. ಕಾಲ್ಮೆಟ್ ಕೆಳಗೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ.

ದಾಖಲೆ: 2018ರ ಅಕ್ಟೋಬರ್ 9, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಟ್ಯಾಂಕು ಕಂಠದವರೆಗೆ ತುಂಬಿದೆ. ಕಟ್ಟೆಯ ನಾಲ್ಕೂ ಬದಿಯಲ್ಲಿ ಇಟ್ಟು ನೋಡಿದ ಚಿಪ್ಪಿನಿಂದ ಯಾವ ಕಡೆಗೂ ನೀರು ಚೆಲ್ಲಲಿಲ್ಲ. ಸಾಕ್ಷಿಗಳು: ಲೇತಾಂಗಿ, ಲೇಮಾರಾ, ಕಂಬ.