ಗೊತ್ತಿಲ್ಲ ಎನ್ನಲು ಬಾರದ ಗಡಿಯಾರ

ಕಳೆದ ತಿಂಗಳು ವೇಣೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ವಿಚಿತ್ರ ನಡೆಯಿತು. ಅಲ್ಲಿದ್ದ ಅಷ್ಟೂ ಮೊಬೈಲುಗಳಲ್ಲಿ ಗಂಟೆ ಎಂಟೂ ಹತ್ತು. ಎದುರಿನ ಗಂಟೆ ತೋರಿಸುವ ಬೋರ್ಡಿನಲ್ಲಿ ಮಾತ್ರ ಎಂಟೂ ಎರಡು. ಬಸ್ಸು ಬೋರ್ಡಿನ ಮಾತು ಕೇಳಿ ನಿಂತೇ ಇತ್ತು.

ಆ ಬೋರ್ಡು ಮಾಡಿದ ಮಹಾನುಭಾವ ಯಾರು ಅಂತೀರಾ? ನಾನೇ.

ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳ ಟೈಮಿಂಗ್ ಜಗಳ ನಿಮಗೆ ಗೊತ್ತಿಲ್ಲದ್ದೇನಲ್ಲ. ಎರಡು ಬಸ್ಸುಗಳ ನಡುವೆ ಇರುವುದು ಆರೇ ನಿಮಿಷ. ಮುಂದಿನವನು ಸ್ವಲ್ಪ ಹೆಚ್ಚು ನಿಂತರೆ ಹಿಂದಿನವನ ಜನವೆಲ್ಲ ಇವನ ಬಸ್ಸಿಗೆ. ಅದಕ್ಕೇ ಸ್ಟ್ಯಾಂಡಿನಲ್ಲೊಬ್ಬರು ಟೈಂ ಕೀಪರ್. ನಮ್ಮಲ್ಲಿ ಆ ಕೆಲಸ ಮೋನಾಕನದ್ದು. ಅರವತ್ತು ದಾಟಿದ ಮನುಷ್ಯ. ಅವರು ವಿಶಲ್ ಊದಿದರೆ ಬಸ್ಸು ಹೊರಡಬೇಕು. ಆದರೆ ಇತ್ತೀಚೆಗೆ ಪ್ರತಿಯೊಬ್ಬ ಡ್ರೈವರೂ ತನ್ನ ವಾಚು, ತನ್ನ ಮೊಬೈಲು ಹಿಡಿದು ವಾದಕ್ಕಿಳಿಯುತ್ತಿದ್ದ. (ನಿಲ್ಲಬೇಕೆನ್ನುವವನ ವಾಚು ಯಾವತ್ತೂ ಸ್ಲೋ. ಹಿಂದಿನವನದ್ದು ಯಾವತ್ತೂ ಫಾಸ್ಟ್.)

ನಾನು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಿನಾ ಎಂಟೂ ಹತ್ತರ ಬಸ್ಸಿಗೆ ಹೋಗುವವನು. ಹೋಗಿ ಬಂದು ಸುಮ್ಮನಿರಬಹುದಿತ್ತು. ಇರಲಿಲ್ಲ. ಇಸ್ಪೀಟು ಕಟ್ಟಿನಷ್ಟಿರುವ ಒಂದು ಕಂಪ್ಯೂಟರ್ ತರಿಸಿ, ಅದಕ್ಕೆ ಎಲ್‌ಇಡಿ ಬೋರ್ಡು ಜೋಡಿಸಿ, ಪಕ್ಕದ ಜೆರಾಕ್ಸ್ ಅಂಗಡಿಯ ವೈಫೈಗೆ ಸೇರಿಸಿದೆ. ಇಂಟರ್ನೆಟ್ಟಿನಿಂದಲೇ ಸಮಯ ತೆಗೆದುಕೊಳ್ಳುತ್ತದೆ, ಒಂದು ಸೆಕೆಂಡೂ ತಪ್ಪುವುದಿಲ್ಲ ಎಂದು ಭಾಷಣ ಬೇರೆ ಬಿಗಿದೆ. ಎಲ್ಲರೂ ಒಪ್ಪಿದರು. ಇನ್ನು ವಾಚಿಲ್ಲ, ಮೊಬೈಲಿಲ್ಲ, ಬೋರ್ಡೇ ಲೆಕ್ಕ.

ಒಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಕರೆಂಟು ಹೋದಾಗಲೂ ಗಂಟೆ ಎಣಿಸುತ್ತಿರಲು ಬೇಕಾದ ಸಣ್ಣ ಬ್ಯಾಟರಿ ಆ ಕಂಪ್ಯೂಟರಿನಲ್ಲಿಲ್ಲ. ಮತ್ತೆ ಎದ್ದಾಗ, ಮಲಗುವಾಗ ಎಷ್ಟು ಗಂಟೆಯಾಗಿತ್ತೋ ಅಲ್ಲಿಂದಲೇ ಎಣಿಕೆ ಶುರು ಮಾಡುತ್ತದೆ. ನೆಟ್ ಸಿಕ್ಕಿದ ಮೇಲೆ ನಿಜ ತಿಳಿದು ಒಂದೇ ನೆಗೆತಕ್ಕೆ ಸರಿಯಾಗುತ್ತದೆ. ಸಿಗುವ ತನಕ? ಸುಳ್ಳೇ ಗತಿ, ಅದೂ ಫಳಫಳ ಹೊಳೆಯುವ ಕೆಂಪು ಅಕ್ಷರದಲ್ಲಿ.

ಆ ದಿನ ಎಂಟೂ ಒಂದಕ್ಕೆ ಕರೆಂಟು ಹೋಯಿತು, ಎಂಟೂ ಒಂಬತ್ತಕ್ಕೆ ಬಂತು. ಬೋರ್ಡು ಎದ್ದಿತು, ನೆಟ್ ಏಳಲಿಲ್ಲ. ಎಂಟೂ ಹತ್ತಕ್ಕೆ ಮೋನಾಕ ವಿಶಲ್ ಊದಿದರು. ಡ್ರೈವರ್ ಜಗದೀಶ ಬೋರ್ಡಿನತ್ತ ಕೈ ತೋರಿಸಿದ.

“ಇನ್ನೂ ಎಂಟು ನಿಮಿಷ ಉಂಟಲ್ಲ ಮೋನಾಕ. ಎಂತ ಅರ್ಜೆಂಟ್ ನಿಮಗೆ?”

“ಅದಕ್ಕೆ ಎಂತದೋ ಆಗಿದೆ ಮಾರಾಯ. ನೀನು ಹೊರಡು.”

“ಬೋರ್ಡೇ ಲೆಕ್ಕ ಅಂತ ನೀವೂ ಒಪ್ಪಿದ್ದಲ್ವಾ?”

ಎಂಟೂ ಹದಿನಾರರ ಬಸ್ಸು ಹಿಂದೆ ಬಂದು ಹಾರ್ನು ಶುರು ಮಾಡಿತು. ಮೋನಾಕ ಜೆರಾಕ್ಸ್ ಅಂಗಡಿಗೆ ಹೋಗಿ ವೈಫೈ ಡಬ್ಬಿಯ ವಯರು ಅಲ್ಲಾಡಿಸಿ ನೋಡಿದರು. ಸರಿಯಾಗಿ ಆಗಲೇ ನೆಟ್ ಬರಬೇಕೇ! ಬೋರ್ಡು ಎಂಟೂ ಎಂಟರಿಂದ ಎಂಟೂ ಹದಿನಾರಕ್ಕೆ ಹಾರಿತು.

ಜಗದೀಶ ಸೀಟಿನಿಂದಲೇ ಕೂಗಿದ. “ನೋಡಿದ್ರಾ! ಕೈ ಹಾಕಿ ಟೈಂ ತಿರುಗಿಸಿದ್ರು! ಇವರು ಹಿಂದಿನ ಬಸ್ಸಿನವರ ಜನ!”

ಟೈಂ ಕೀಪರ್ ಪಕ್ಷಪಾತಿ ಎಂದು ಒಮ್ಮೆ ಹೆಸರು ಬಂದರೆ ಮುಗಿಯಿತು, ಆಮೇಲೆ ಅವನ ವಿಶಲಿಗೆ ಕವಡೆ ಕಿಮ್ಮತ್ತಿಲ್ಲ. ಮೋನಾಕ ವಯರು ಹಿಡಿದುಕೊಂಡೇ ನಿಂತಿದ್ದರು. ಅದೇ ಬಸ್ಸಿನ ಕಿಟಕಿ ಪಕ್ಕ ಕುಳಿತಿದ್ದ ನನಗೆ ಏನಾಯಿತೆಂದು ಪೂರ್ತಿ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಮೇಷ್ಟ್ರ ಮರ್ಯಾದೆ ಅಂತ ಒಂದಿದೆಯಲ್ಲ! ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಂಜೆ ವಾಪಸು ಬರುವಾಗ ಕಂಡಕ್ಟರ್ ಸುದ್ದಿ ಹೇಳಿದ. ಬರುವ ವಾರದಿಂದ ಬೇರೆ ಟೈಂ ಕೀಪರ್ ಅಂತೆ. ಮರುದಿನ ಬೆಳಿಗ್ಗೆ ಡ್ರೈವರುಗಳ ಎದುರು ನಿಂತು ಹೇಳಿದೆ. ತಪ್ಪು ಮೋನಾಕನದ್ದಲ್ಲ, ಬೋರ್ಡಿನದ್ದು. ಬೋರ್ಡಿನದ್ದೂ ಅಲ್ಲ, ನನ್ನದು. ಕೆಲವರು ನಕ್ಕರು. ಬೇರೆ ಟೈಂ ಕೀಪರ್ ಮಾತು ಅಲ್ಲಿಗೆ ನಿಂತಿತು. ಜಗದೀಶ “ಹಾಗಾದ್ರೆ ಸರಿ” ಅಂದು ಬಸ್ಸು ಹತ್ತಿದ. ಮೋನಾಕನ ಹತ್ತಿರ ಕ್ಷಮೆ ಕೇಳಲಿಲ್ಲ.

ಮೋನಾಕ ನನ್ನನ್ನು ಬೈಯಲಿಲ್ಲ, ಚಾ ಕುಡಿಸಿದರು.

“ಮಾಸ್ಟ್ರೆ, ಅದಕ್ಕೆ ಟೈಂ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ವಾ?”

ತಮ್ಮ ಕೈಯ ವಾಚು ತೋರಿಸಿ ಅವರೇ ಮುಂದುವರಿಸಿದರು.

“ನಾನು ಬೆಳಿಗ್ಗೆ ರೇಡಿಯೋ ಕೇಳಿ ವಾಚು ಸರಿ ಮಾಡ್ತೇನೆ. ರೇಡಿಯೋ ಸಿಗದಿದ್ರೆ ಮೂರು ಜನರ ಹತ್ತಿರ ಕೇಳ್ತೇನೆ. ಇಬ್ಬರದ್ದು ಒಂದೇ ಇದ್ರೆ ಅದು. ಅಲ್ಲಿವರೆಗೆ ಯಾರಿಗೂ ಟೈಂ ಹೇಳುದಿಲ್ಲ.”

(ಕಂಪ್ಯೂಟರ್ ಪಂಡಿತರು ಇದನ್ನೇ ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ನಾನು ಓದಿಯೂ ಇದ್ದೆ.)

ಯೋಚಿಸಿದರೆ ನಾವೂ ಹೆಚ್ಚಿನವರು ಆ ಬೋರ್ಡಿನ ಜಾತಿಯೇ. ಮಾಣಿಯಲ್ಲಿರುವ ನನ್ನ ಭಾವ ಹದಿನೈದು ವರ್ಷ ದುಬೈಯಲ್ಲಿದ್ದು ಬಂದವರು. ಇಲ್ಲಿನ ರಸ್ತೆ, ಶಾಲೆ, ಆಸ್ಪತ್ರೆ ಎಲ್ಲದರ ಬಗ್ಗೆ ಅಭಿಪ್ರಾಯ ಉಂಟು ಅವರಿಗೆ, ದುಬೈಗೆ ವಿಮಾನ ಹತ್ತಿದ ದಿನದ್ದೇ. ನಾನೇನು ಕಡಿಮೆಯೇ? ಕ್ಲಾಸಿನಲ್ಲಿ ಮಕ್ಕಳು ಹೊಸದೇನಾದರೂ ಕೇಳಿದರೆ “ಗೊತ್ತಿಲ್ಲ” ಎನ್ನುವ ಬದಲು “ಅದು ಸಿಲೆಬಸ್‌ನಲ್ಲಿಲ್ಲ” ಎನ್ನುತ್ತೇನೆ.

ಆ ಭಾನುವಾರ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದೆ. ಈಗ ನೆಟ್ಟಿನಿಂದ ಸರಿಯಾದ ಸಮಯ ಸಿಗುವವರೆಗೆ ಬೋರ್ಡಿನಲ್ಲಿ ನಾಲ್ಕು ಅಡ್ಡಗೆರೆ, ಅಷ್ಟೇ.

ಮೊನ್ನೆ ಮತ್ತೆ ಕರೆಂಟು ಹೋಗಿ ಬಂತು. ಬೋರ್ಡಿನಲ್ಲಿ ಅಡ್ಡಗೆರೆಗಳು. ಜಗದೀಶ ಇಂಜಿನ್ ಚಾಲೂ ಇಟ್ಟು ಒಮ್ಮೆ ಬೋರ್ಡು ನೋಡಿದ, ಒಮ್ಮೆ ಕನ್ನಡಿ ನೋಡಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಮೋನಾಕ, ಟೈಂ ಎಷ್ಟಾಯ್ತು?”

ಮೋನಾಕ ವಾಚು ನೋಡಿದರು. “ಎಂಟೂ ಹತ್ತು. ಹೋಗು ಮಾರಾಯ.”

ಅವನು ಗೇರು ಹಾಕಿದ. ನಾನು ಆ ದಿನ ಡ್ರೈವರ್ ಹಿಂದಿನ ಸೀಟಿನಲ್ಲೇ ಇದ್ದೆ. ಸ್ಟೇರಿಂಗಿನ ಪಕ್ಕ, ಅವನ ಕಣ್ಣೆದುರೇ ಮೊಬೈಲು ಸಿಕ್ಕಿಸಿತ್ತು. ಅದರಲ್ಲಿ ಗಂಟೆ ಇರಲಿಲ್ಲವೇ?